ನೆಗಡಿ, ಕೆಮ್ಮು ಮತ್ತು ಗಂಟಲು ಕೆರೆತಕ್ಕೆ ಮನೆಯಲ್ಲಿ ತಯಾರಿಸುವ ಕಷಾಯ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ನೆಗಡಿಯು ಮೂಗು ಮತ್ತು ಗಂಟಲಿನ ಒಳಪದರಕ್ಕೆ ವೈರಾಣುಗಳಿಂದ ತಗಲುವ ಸೋಂಕಾಗಿದೆ. 200ಕ್ಕೂ ಹೆಚ್ಚು ಬಗೆಯ ವೈರಾಣುಗಳು ಇದನ್ನು ಉಂಟುಮಾಡುತ್ತವೆ. ಮೂಗು ಸೋರುವುದು, ಸೀನು, ಗಂಟಲು ಕೆರೆತ, ಮೈಕೈ ನೋವು ಮತ್ತು ಸಣ್ಣ ಪ್ರಮಾಣದ ಜ್ವರ ಇದರ ಸಾಮಾನ್ಯ ಲಕ್ಷಣಗಳು. ಬಹುತೇಕ ಪ್ರಕರಣಗಳಲ್ಲಿ 7 ರಿಂದ 10 ದಿನಗಳಲ್ಲಿ ನೆಗಡಿಯು ತಾನಾಗಿಯೇ ವಾಸಿಯಾಗುತ್ತದೆ. ಕೆಮ್ಮು ಮಾತ್ರ ಇನ್ನೂ ಕೆಲವು ದಿನ ಉಳಿಯಬಹುದು.

ಈ ಅವಧಿಯಲ್ಲಿ ರೋಗಿಗೆ ನೆಮ್ಮದಿ ನೀಡಲು ಕರ್ನಾಟಕದ ಮನೆಗಳಲ್ಲಿ ಶುಂಠಿ, ಕಾಳುಮೆಣಸು, ತುಳಸಿ, ಕೊತ್ತಂಬರಿ ಬೀಜ, ಜೀರಿಗೆ ಮುಂತಾದವುಗಳಿಂದ ಕಷಾಯ ಮಾಡಿ ಕುಡಿಯುವ ರೂಢಿ ಬಹುಕಾಲದಿಂದ ಬಂದಿದೆ. ಕಷಾಯವನ್ನು ಸರಿಯಾದ ಪ್ರಮಾಣದಲ್ಲಿ ತಯಾರಿಸುವ ಕ್ರಮ, ಅದನ್ನು ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಹಾಗೂ ಯಾವ ಹಂತದಲ್ಲಿ ಕಷಾಯವನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ.

2. ಕಷಾಯದಿಂದ ಆಗುವ ಮತ್ತು ಆಗದ ಪ್ರಯೋಜನ

ಕಷಾಯವು ಉಪಶಮನ ನೀಡುತ್ತದೆ. ವೈರಾಣುವನ್ನು ನಾಶ ಮಾಡುವುದಿಲ್ಲ. ಈ ವ್ಯತ್ಯಾಸವನ್ನು ಮೊದಲು ತಿಳಿದುಕೊಳ್ಳುವುದು ಅವಶ್ಯ. ಬಿಸಿಯಾದ ಪಾನೀಯವು ಒಣಗಿದ ಗಂಟಲನ್ನು ತೇವಗೊಳಿಸುತ್ತದೆ, ಕಟ್ಟಿದ ಮೂಗಿನ ಕಿರಿಕಿರಿಯನ್ನು ಕಡಿಮೆ ಮಾಡುತ್ತದೆ ಮತ್ತು ಜ್ವರದಲ್ಲಿ ದೇಹವು ಕಳೆದುಕೊಂಡ ನೀರಿನ ಅಂಶವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ.

ಈ ಉಪಶಮನದಲ್ಲಿ ಬಿಸಿಯ ಪಾತ್ರವೂ ದೊಡ್ಡದು. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ನೆಗಡಿಯಾದ 30 ಮಂದಿಯ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಹಣ್ಣಿನ ಪಾನೀಯವನ್ನು ಕೆಲವರಿಗೆ ಬಿಸಿಯಾಗಿಯೂ ಕೆಲವರಿಗೆ ಕೋಣೆಯ ಉಷ್ಣತೆಯಲ್ಲಿಯೂ ನೀಡಲಾಯಿತು. ಬಿಸಿಯಾಗಿ ಕುಡಿದವರಿಗೆ ಮೂಗು ಸೋರುವಿಕೆ, ಕೆಮ್ಮು ಮತ್ತು ಸೀನಿನ ಜೊತೆಗೆ ಗಂಟಲು ನೋವು, ಚಳಿ ಮತ್ತು ಆಯಾಸದಿಂದಲೂ ಕೂಡಲೇ ಉಪಶಮನ ದೊರೆತುದು ಕಂಡುಬಂದಿತು. ತಣ್ಣಗೆ ಕುಡಿದವರಲ್ಲಿ ಮೊದಲ ಮೂರು ತೊಂದರೆಗಳು ಮಾತ್ರ ಕಡಿಮೆಯಾದವು. ಆದುದರಿಂದ ಪಟ್ಟಿಯಲ್ಲಿರುವ ಯಾವುದಾದರೂ ಒಂದು ಸಾಮಗ್ರಿ ಮನೆಯಲ್ಲಿ ಇಲ್ಲವೆಂದು ಚಿಂತಿಸುವ ಅಗತ್ಯವಿಲ್ಲ. ಹಾಗೆಯೇ ಮೆಣಸು, ಶುಂಠಿಗಳ ಪ್ರಮಾಣವನ್ನು ಹೆಚ್ಚಿಸುವುದರಿಂದ ನೆಗಡಿಯು ಬೇಗ ವಾಸಿಯಾಗುತ್ತದೆ ಎಂದು ಭಾವಿಸಬಾರದು.

3. ಕಷಾಯದ ಸ್ವರೂಪ

ಆಯುರ್ವೇದದಲ್ಲಿ ಸ್ವರಸ, ಕಲ್ಕ, ಕ್ವಾಥ, ಹಿಮ ಮತ್ತು ಫಾಂಟ ಎಂದು ಐದು ಬಗೆಯ ಕಷಾಯ ಕಲ್ಪನೆಗಳನ್ನು ಹೇಳಲಾಗಿದೆ. ದ್ರವ್ಯವನ್ನು ಜಜ್ಜಿ ಹಲವು ಪಟ್ಟು ನೀರಿನಲ್ಲಿ ಹಾಕಿ, ಬಹಳ ಹೊತ್ತು ಕುದಿಸಿ, ನೀರು ಒಂದು ಅಂಶಕ್ಕೆ ಇಳಿಯುವಂತೆ ಬತ್ತಿಸುವುದು ಕ್ವಾಥ. ಬಿಸಿನೀರಿನಲ್ಲಿ ಪುಡಿಯನ್ನು ಸ್ವಲ್ಪ ಹೊತ್ತು ನೆನೆಸಿ ಸೋಸಿಕೊಳ್ಳುವುದು ಫಾಂಟ. ಕ್ವಾಥವು ಔಷಧದ ಸ್ವರೂಪದ್ದಾಗಿದ್ದು, ಅದರ ದ್ರವ್ಯ ಮತ್ತು ಪ್ರಮಾಣಗಳನ್ನು ವೈದ್ಯರು ನಿರ್ಧರಿಸುತ್ತಾರೆ. ಮನೆಯಲ್ಲಿ ನೆಗಡಿಗೆ ಮಾಡುವ ಪಾನೀಯವು ಫಾಂಟಕ್ಕೆ ಹತ್ತಿರವಾದುದು. ಇದನ್ನು ಗಂಟೆಗಟ್ಟಲೆ ಕುದಿಸಿ ಗಟ್ಟಿ ಮಾಡುವ ಅಗತ್ಯವಿಲ್ಲ.

4. ತಯಾರಿಸುವ ವಿಧಾನಗಳು

4.1 ಶುಂಠಿ–ತುಳಸಿ ಕಷಾಯ (ಇಬ್ಬರು ವಯಸ್ಕರಿಗೆ)

ಬೇಕಾಗುವ ಸಾಮಗ್ರಿಗಳು:
ಅ) ನೀರು – 400 ಮಿ.ಲೀ. (ಎರಡು ಲೋಟ)
ಆ) ಹಸಿ ಶುಂಠಿ – ಒಂದು ಅಂಗುಲದ ತುಂಡು
ಇ) ಕಾಳುಮೆಣಸು – 6 ರಿಂದ 8 ಕಾಳು
ಈ) ಕೊತ್ತಂಬರಿ ಬೀಜ – ಒಂದು ಟೀ ಚಮಚ
ಉ) ತುಳಸಿ ಎಲೆ – 8 ರಿಂದ 10
ಊ) ಬೆಲ್ಲ – ರುಚಿಗೆ ತಕ್ಕಷ್ಟು, ಎರಡು ಟೀ ಚಮಚ ಮೀರದಂತೆ

ವಿಧಾನ: ಶುಂಠಿಯನ್ನು ತೊಳೆದು ಸಿಪ್ಪೆ ತೆಗೆದು ಜಜ್ಜಿಕೊಳ್ಳಬೇಕು. ಮೆಣಸು ಮತ್ತು ಕೊತ್ತಂಬರಿ ಬೀಜಗಳನ್ನು ತರಿತರಿಯಾಗಿ ಕುಟ್ಟಬೇಕು. ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಯಲು ತೊಡಗಿದ ನಂತರ ಈ ಮೂರನ್ನೂ ಹಾಕಿ, ಉರಿಯನ್ನು ತಗ್ಗಿಸಿ 5 ನಿಮಿಷ ಕುದಿಸಬೇಕು. ಒಲೆಯನ್ನು ಆರಿಸಿ, ತುಳಸಿ ಎಲೆಗಳನ್ನು ಕೈಯಿಂದ ಹರಿದು ಹಾಕಿ, ತಟ್ಟೆ ಮುಚ್ಚಿ 5 ನಿಮಿಷ ಬಿಡಬೇಕು. ತುಳಸಿಯ ಪರಿಮಳಕ್ಕೆ ಕಾರಣವಾದ ತೈಲವು ಆವಿಯಾಗುವ ಗುಣವುಳ್ಳದ್ದಾದುದರಿಂದ ಅದನ್ನು ಮೊದಲೇ ಹಾಕಿ ತೆರೆದ ಪಾತ್ರೆಯಲ್ಲಿ ಕುದಿಸಬಾರದು. ನಂತರ ಸೋಸಿ, ಬೆಲ್ಲ ಬೆರೆಸಿ ಕುಡಿಯಬಹುದು. ನಿಂಬೆರಸ ಬೇಕಾದವರು ಸೋಸಿದ ಮೇಲೆ ಅರ್ಧ ಚಮಚ ಸೇರಿಸಿಕೊಳ್ಳಬಹುದು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಹುಳಿ ಸೇರಿದ ಕಷಾಯವನ್ನು ಮಾಡಲೂ ಬಾರದು, ಇಡಲೂ ಬಾರದು.

4.2 ಮಲೆನಾಡು ಮತ್ತು ಕರಾವಳಿಯ ಕಷಾಯದ ಪುಡಿ

ಮಲೆನಾಡು, ಉತ್ತರ ಕನ್ನಡ ಮತ್ತು ಕರಾವಳಿಯ ಮನೆಗಳಲ್ಲಿ ಕಷಾಯದ ಪುಡಿಯನ್ನು ಮೊದಲೇ ಮಾಡಿಟ್ಟುಕೊಳ್ಳುವ ಪದ್ಧತಿ ಇದೆ. ನೆಗಡಿ ಇಲ್ಲದ ದಿನಗಳಲ್ಲಿಯೂ ಕಾಫಿ, ಚಹಾಗಳಿಗೆ ಬದಲಾಗಿ ಇದನ್ನು ಕುಡಿಯುವವರಿದ್ದಾರೆ. ಮನೆಯಿಂದ ಮನೆಗೆ ಅಳತೆಯು ವ್ಯತ್ಯಾಸವಾಗುತ್ತದೆ. ಸೌಮ್ಯವಾದ ಒಂದು ಅಳತೆ ಹೀಗಿದೆ:

ಅ) ಕೊತ್ತಂಬರಿ ಬೀಜ – 100 ಗ್ರಾಂ
ಆ) ಜೀರಿಗೆ – 50 ಗ್ರಾಂ
ಇ) ಸೋಂಪು (ಬಡೆಸೊಪ್ಪು) – 25 ಗ್ರಾಂ
ಈ) ಕಾಳುಮೆಣಸು – 10 ಗ್ರಾಂ
ಉ) ಒಣಶುಂಠಿ – 10 ಗ್ರಾಂ
ಊ) ಮೆಂತ್ಯ – 5 ಗ್ರಾಂ

ಒಣಶುಂಠಿಯನ್ನು ಬಿಟ್ಟು ಉಳಿದವುಗಳನ್ನು ಒಂದೊಂದಾಗಿ ಸಣ್ಣ ಉರಿಯಲ್ಲಿ ಪರಿಮಳ ಬರುವವರೆಗೆ ಮಾತ್ರ ಬೆಚ್ಚಗೆ ಮಾಡಬೇಕು, ಸೀಯಬಾರದು. ಆರಿದ ಮೇಲೆ ಜಜ್ಜಿದ ಒಣಶುಂಠಿಯೊಂದಿಗೆ ಪುಡಿ ಮಾಡಿ, ತೇವವಿಲ್ಲದ ಬಾಟಲಿಯಲ್ಲಿ ಮುಚ್ಚಿಡಬೇಕು. ಒಂದು ಲೋಟ ನೀರಿಗೆ ಒಂದು ಟೀ ಚಮಚ ಪುಡಿ ಮತ್ತು ಸ್ವಲ್ಪ ಬೆಲ್ಲ ಹಾಕಿ 3 ನಿಮಿಷ ಕುದಿಸಿ, ಬೇಕಾದಲ್ಲಿ ಹಾಲು ಸೇರಿಸಿ ಸೋಸಿಕೊಳ್ಳಬೇಕು. ಹಾಲು ಸೇರಿಸಿದ ಕಷಾಯಕ್ಕೆ ನಿಂಬೆರಸ ಹಾಕಬಾರದು, ಒಡೆಯುತ್ತದೆ. ಒಂದು ತಿಂಗಳಿಗೆ ಸಾಲುವಷ್ಟು ಪುಡಿಯನ್ನು ಮಾತ್ರ ಮಾಡಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಗಂಟು ಕಟ್ಟಿದ ಅಥವಾ ಬೂಷ್ಟು ವಾಸನೆ ಬಂದ ಪುಡಿಯನ್ನು ಬಳಸಬಾರದು.

4.3 ಆಯುಷ್ ಕ್ವಾಥ

ಕೇಂದ್ರ ಆಯುಷ್ ಮಂತ್ರಾಲಯವು ಏಪ್ರಿಲ್ 2020ರಲ್ಲಿ ಆಯುಷ್ ಕ್ವಾಥ ಎಂಬ ಮಿಶ್ರಣದ ಸೂತ್ರವನ್ನು ಪ್ರಕಟಿಸಿತು. ಅದರಂತೆ ತುಳಸಿ ಎಲೆ 4 ಭಾಗ, ದಾಲ್ಚಿನ್ನಿ (ಚಕ್ಕೆ) 2 ಭಾಗ, ಒಣಶುಂಠಿ 2 ಭಾಗ ಮತ್ತು ಕಾಳುಮೆಣಸು 1 ಭಾಗ ಸೇರಿಸಿ ತರಿಪುಡಿ ಮಾಡಬೇಕು. 3 ಗ್ರಾಂ ಪುಡಿಯನ್ನು 150 ಮಿ.ಲೀ. ಕುದಿಸಿದ ನೀರಿಗೆ ಹಾಕಿ ದಿನಕ್ಕೆ ಒಂದು ಅಥವಾ ಎರಡು ಬಾರಿ ಕುಡಿಯಬಹುದು.

ಲೆಕ್ಕದ ಅನುಕೂಲಕ್ಕಾಗಿ: ಒಣಗಿದ ತುಳಸಿ ಎಲೆ 40 ಗ್ರಾಂ, ದಾಲ್ಚಿನ್ನಿ 20 ಗ್ರಾಂ, ಒಣಶುಂಠಿ 20 ಗ್ರಾಂ, ಕಾಳುಮೆಣಸು 10 ಗ್ರಾಂ – ಒಟ್ಟು 90 ಗ್ರಾಂ. ಇದು 3 ಗ್ರಾಂನ 30 ಅಳತೆಗಳಿಗೆ ಸಾಲುತ್ತದೆ. ದಿನಕ್ಕೆ ಎರಡು ಬಾರಿ ಕುಡಿಯುವ ಒಬ್ಬರಿಗೆ 15 ದಿನಗಳವರೆಗೆ ಬರುತ್ತದೆ. ನಾಲ್ಕು ಜನರ ಕುಟುಂಬವು ಇಷ್ಟು ಪುಡಿಯನ್ನು ಒಂದೆರಡು ದಿನಗಳಲ್ಲಿ ಮುಗಿಸುತ್ತಿದ್ದರೆ ಬಳಕೆಯು ಮಿತಿ ಮೀರಿದೆ ಎಂದು ತಿಳಿಯಬೇಕು. ಈ ಸೂತ್ರವನ್ನು ರೋಗನಿರೋಧಕ ಶಕ್ತಿಗೆ ಪೂರಕವಾಗಿ ಸೂಚಿಸಲಾಗಿತ್ತೇ ಹೊರತು ಯಾವುದೇ ಸೋಂಕಿನ ಚಿಕಿತ್ಸೆ ಎಂದು ಅಲ್ಲ.

5. ಸಾಮಗ್ರಿಗಳನ್ನು ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಅ) ಕಾಳುಮೆಣಸಿಗೆ ಒಣಗಿದ ಪರಂಗಿ ಬೀಜವನ್ನು ಬೆರೆಸುವುದುಂಟು. ಸ್ವಲ್ಪ ಮೆಣಸನ್ನು ಒಂದು ಲೋಟ ನೀರಿಗೆ ಹಾಕಿದಾಗ ಒಳ್ಳೆಯ ಮೆಣಸು ತಳಕ್ಕಿಳಿಯುತ್ತದೆ. ಪರಂಗಿ ಬೀಜ ತೇಲುತ್ತದೆ. ಪೊಳ್ಳು ಮೆಣಸೂ ತೇಲುವುದರಿಂದ ತೇಲಿದ ಕಾಳುಗಳನ್ನು ಒಡೆದು, ಮೂಸಿ ಪರೀಕ್ಷಿಸಬೇಕು.

ಆ) ಅಂಗಡಿಗಳಲ್ಲಿ ದಾಲ್ಚಿನ್ನಿ ಎಂದು ದೊರೆಯುವ ದಪ್ಪ ಚಕ್ಕೆಯು ಬಹುಮಟ್ಟಿಗೆ ಕ್ಯಾಸಿಯಾ ಎಂಬ ಬೇರೆ ಮರದ ತೊಗಟೆ. ನಿಜವಾದ ದಾಲ್ಚಿನ್ನಿಯು ತೆಳುವಾಗಿದ್ದು ಹಲವು ಪದರಗಳ ಸುರುಳಿಯಾಗಿರುತ್ತದೆ. ಕ್ಯಾಸಿಯಾದಲ್ಲಿ ಕೌಮರಿನ್ ಎಂಬ ರಾಸಾಯನಿಕವು ಹೆಚ್ಚಾಗಿದ್ದು, ಅಧಿಕ ಪ್ರಮಾಣದಲ್ಲಿ ದೀರ್ಘಕಾಲ ಸೇವಿಸಿದಲ್ಲಿ ಯಕೃತ್ತಿಗೆ ಹಾನಿಯಾಗಬಹುದು. ಅಡುಗೆಯ ಪ್ರಮಾಣದಲ್ಲಿ ಆತಂಕವಿಲ್ಲ.

ಇ) ತುಳಸಿ ಮತ್ತು ದೊಡ್ಡಪತ್ರೆ (ಸಾಂಬಾರ ಸೊಪ್ಪು) ಎಲೆಗಳನ್ನು ಕೀಟನಾಶಕ ಸಿಂಪಡಿಸದ ಗಿಡಗಳಿಂದ ಕಿತ್ತು, ಹರಿಯುವ ನೀರಿನಲ್ಲಿ ತೊಳೆಯಬೇಕು. ರಸ್ತೆಯ ಬದಿಯ ಗಿಡಗಳ ಎಲೆ ಬೇಡ. ಗುರುತು ತಿಳಿಯದ ಸೊಪ್ಪು, ಬೇರು, ಬಳ್ಳಿಗಳನ್ನು ಯಾರದೋ ಮಾತು ಕೇಳಿ ಬಳಸಬಾರದು.

ಈ) ಸಿದ್ಧ ಕಷಾಯದ ಪುಡಿಯನ್ನು ಕೊಳ್ಳುವಾಗ ಲೇಬಲ್‌ನಲ್ಲಿ ತಯಾರಿಕೆಯ ದಿನಾಂಕ, ಬಳಕೆಯ ಕೊನೆಯ ದಿನಾಂಕ ಮತ್ತು ಬ್ಯಾಚ್ ಸಂಖ್ಯೆಯನ್ನು ನೋಡಬೇಕು. ಆಯುರ್ವೇದ ಔಷಧವಾಗಿದ್ದಲ್ಲಿ ತಯಾರಿಕಾ ಪರವಾನಗಿ ಸಂಖ್ಯೆ, ಆಹಾರ ಪದಾರ್ಥವಾಗಿದ್ದಲ್ಲಿ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಬಿಲ್ಲನ್ನು ಪಡೆದು ಇಟ್ಟುಕೊಳ್ಳುವುದು ಸೂಕ್ತ.

6. ಸೇವನೆಯ ಪ್ರಮಾಣ

ವಯಸ್ಕರು ಒಮ್ಮೆಗೆ 150 ರಿಂದ 200 ಮಿ.ಲೀ.ನಂತೆ ದಿನಕ್ಕೆ ಎರಡು ಬಾರಿ ಕುಡಿದರೆ ಸಾಕು. ಬಾಯಾರಿಕೆಗೆ ಉಗುರುಬೆಚ್ಚಗಿನ ನೀರು, ಗಂಜಿ, ತಿಳಿಸಾರು ಮುಂತಾದವುಗಳನ್ನು ಬೇಕಾದಷ್ಟು ಕುಡಿಯಬಹುದು. ಕಷಾಯವನ್ನು ಕುದಿಯುತ್ತಿರುವಂತೆಯೇ ಕುಡಿಯಬಾರದು. 65 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಬಿಸಿಯ ಪಾನೀಯಗಳ ಸೇವನೆಯು ಅನ್ನನಾಳದ ಕ್ಯಾನ್ಸರ್‌ಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ತಿಳಿಸಿದೆ. ಸೋಸಿದ ಮೇಲೆ ಕೆಲವು ನಿಮಿಷ ಆರಲು ಬಿಟ್ಟು, ನಾಲಿಗೆ ಸುಡದ ಬಿಸಿಯಲ್ಲಿ ಗುಟುಕು ಗುಟುಕಾಗಿ ಕುಡಿಯತಕ್ಕದ್ದು.

ಜೇನುತುಪ್ಪ ಸೇರಿಸುವವರು ಕಷಾಯವು ಉಗುರುಬೆಚ್ಚಗಾದ ನಂತರವೇ ಸೇರಿಸಬೇಕು. ಅಂದು ಮಾಡಿದ ಕಷಾಯವನ್ನು ಅಂದೇ ಮುಗಿಸಬೇಕು. ಹಿಂದಿನ ದಿನದ್ದನ್ನು ಕಾಯಿಸಿ ಕುಡಿಯಬಾರದು.

7. ಮಕ್ಕಳಿಗೆ ಸಂಬಂಧಿಸಿದ ಸೂಚನೆಗಳು

ಈ ಭಾಗವನ್ನು ತಾಯಂದಿರು ಹಾಗೂ ಮನೆಯ ಹಿರಿಯರು ತಪ್ಪದೆ ಓದಬೇಕೆಂದು ಕೋರಲಾಗಿದೆ.

ಅ) 6 ತಿಂಗಳೊಳಗಿನ ಶಿಶು: ತಾಯಿಯ ಹಾಲನ್ನು ಮಾತ್ರ ಕೊಡಬೇಕು. ಕಷಾಯ, ಬಜೆ, ಜೇನು, ಸೊಪ್ಪಿನ ರಸ ಯಾವುದನ್ನೂ ನೆಕ್ಕಿಸಬಾರದು. ನೆಗಡಿಯಾದಾಗ ಮೂಗು ಕಟ್ಟಿ ಶಿಶುವಿಗೆ ಹಾಲು ಚೀಪಲು ಕಷ್ಟವಾಗುವುದರಿಂದ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಬಾರಿ ಹಾಲುಣಿಸಬೇಕು.

ಆ) 6 ರಿಂದ 12 ತಿಂಗಳು: ತಾಯಿಯ ಹಾಲು, ಕುದಿಸಿ ಆರಿಸಿದ ನೀರು ಮತ್ತು ಮೆತ್ತನೆಯ ಆಹಾರ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ಯಾವ ರೂಪದಲ್ಲಿಯೂ ಕೊಡಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಶಿಶುವಿನ ಕರುಳಿನಲ್ಲಿ ಬೆಳೆದು, ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆಯನ್ನು ಉಂಟುಮಾಡಬಹುದು. ಜೇನನ್ನು ಕಾಯಿಸುವುದರಿಂದ ಅಥವಾ ಕಷಾಯದಲ್ಲಿ ಕುದಿಸುವುದರಿಂದ ಈ ಬೀಜಾಣುಗಳು ನಾಶವಾಗುವುದಿಲ್ಲ. ಮನೆಯ ಜೇನು, ಕಾಡಿನ ಜೇನು, ಅಂಗಡಿಯ ಜೇನು ಎಂಬ ಭೇದವೂ ಇದಕ್ಕಿಲ್ಲ.

ಇ) 1 ರಿಂದ 5 ವರ್ಷ: ಮಲಗುವ ಮುನ್ನ ಅರ್ಧ ಟೀ ಚಮಚ ಜೇನುತುಪ್ಪವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೊಡುವುದರಿಂದ ರಾತ್ರಿಯ ಕೆಮ್ಮು ಕಡಿಮೆಯಾಗುತ್ತದೆ. ಮೆಣಸಿನ ಖಾರದ ಕಷಾಯ ಬೇಡ.

ಈ) 5 ವರ್ಷ ಮೇಲ್ಪಟ್ಟವರು: ನೀರು ಬೆರೆಸಿ ತೆಳುಗೊಳಿಸಿದ ಕಷಾಯವನ್ನು ಕಾಲು ಲೋಟದಷ್ಟು ಕೊಡಬಹುದು. ಮಗುವು ಒಲ್ಲೆ ಎಂದರೆ ಮೂಗು ಹಿಡಿದು, ಬಲವಂತವಾಗಿ ಕುಡಿಸಬಾರದು; ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ಉ) ಕೆಮ್ಮಿನ ಸಿರಪ್: ವೈದ್ಯರ ಚೀಟಿ ಇಲ್ಲದೆ ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಡಬಾರದು. ಮಧ್ಯಪ್ರದೇಶದಲ್ಲಿ ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಸಿರಪ್‌ನಿಂದ 2025ರಲ್ಲಿ ಮಕ್ಕಳು ಮೃತಪಟ್ಟ ಪ್ರಕರಣಗಳ ಸಂದರ್ಭದಲ್ಲಿ, ಅಕ್ಟೋಬರ್ 2025ರಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಸಲಹಾ ಸೂಚನೆ ಹೊರಡಿಸಿತು. ಅದರಂತೆ 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿಯ ಔಷಧಗಳನ್ನು ಬರೆದುಕೊಡಬಾರದು ಮತ್ತು 5 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅವುಗಳನ್ನು ಶಿಫಾರಸು ಮಾಡಲಾಗುವುದಿಲ್ಲ.

8. ವೈದ್ಯರ ಸಲಹೆ ಪಡೆದೇ ಕಷಾಯ ಸೇವಿಸಬೇಕಾದವರು

ಅ) ಅಧಿಕ ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಜ್ಯೇಷ್ಠಮಧು (ಅತಿಮಧುರ) ಸೇರಿದ ಕಷಾಯವನ್ನು ಕುಡಿಯಬಾರದು. ಇದು ರಕ್ತದೊತ್ತಡವನ್ನು ಏರಿಸುತ್ತದೆ ಮತ್ತು ದೇಹದಲ್ಲಿನ ಪೊಟ್ಯಾಸಿಯಂ ಪ್ರಮಾಣವನ್ನು ಇಳಿಸುತ್ತದೆ.

ಆ) ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮುಂತಾದ ಮಾತ್ರೆಗಳನ್ನು ಅಥವಾ ಮೂರ್ಛೆರೋಗಕ್ಕೆ ಫೆನಿಟೋಯಿನ್ ಮಾತ್ರೆಯನ್ನು ಸೇವಿಸುತ್ತಿರುವವರು. ಕಾಳುಮೆಣಸಿನಲ್ಲಿರುವ ಪೈಪರಿನ್ ಕೆಲವು ಔಷಧಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಹೆಚ್ಚಿಸಬಲ್ಲದು.

ಇ) ಗರ್ಭಿಣಿಯರು. ಅಡುಗೆಯಲ್ಲಿ ಬಳಸುವಷ್ಟು ಶುಂಠಿ, ಜೀರಿಗೆ, ಕೊತ್ತಂಬರಿಗಳಿಗೆ ಅಡ್ಡಿಯಿಲ್ಲ. ಆದರೆ ಆಡುಸೋಗೆ, ಜ್ಯೇಷ್ಠಮಧು ಮುಂತಾದ ಔಷಧೀಯ ಸಸ್ಯಗಳನ್ನು ತಾವಾಗಿಯೇ ಬಳಸಬಾರದು.

ಈ) ಮಧುಮೇಹ ಇರುವವರು ಬೆಲ್ಲ, ಜೇನುಗಳನ್ನು ಬಿಟ್ಟು ಕುಡಿಯಬೇಕು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಉ) ಎದೆಯುರಿ, ಹೊಟ್ಟೆಹುಣ್ಣು ಇರುವವರು ಮೆಣಸು ಮತ್ತು ಒಣಶುಂಠಿಯನ್ನು ಬಿಟ್ಟು ಜೀರಿಗೆ–ಕೊತ್ತಂಬರಿ ಕಷಾಯವನ್ನು ಮಾಡಿಕೊಳ್ಳಬಹುದು.

9. ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಕಷಾಯದಿಂದ ಅಪಾಯವಾಗುವುದು ಅಪರೂಪ. ಕಷಾಯ ಕೊಡುತ್ತಿದ್ದೇವೆಂಬ ಸಮಾಧಾನದಲ್ಲಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದೇ ಹೆಚ್ಚಿನ ಅಪಾಯ. ನ್ಯುಮೋನಿಯಾ ಸಹ ಮೊದಲಿಗೆ ನೆಗಡಿ, ಕೆಮ್ಮಿನಂತೆಯೇ ಕಾಣಿಸಿಕೊಳ್ಳಬಹುದು. ಅದನ್ನು ಬೇಗ ಗುರುತಿಸಲು ಮನೆಯವರೇ ಮಗುವಿನ ಉಸಿರನ್ನು ಎಣಿಸಬಹುದು. ಮಗುವು ಅಳದೆ ಶಾಂತವಾಗಿರುವಾಗ ಹೊಟ್ಟೆ ಅಥವಾ ಎದೆಯ ಏರಿಳಿತವನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ಉಸಿರಾಟವು ಈ ಕೆಳಗಿನ ಸಂಖ್ಯೆಯಷ್ಟು ಅಥವಾ ಅದಕ್ಕಿಂತ ಹೆಚ್ಚಾಗಿದ್ದಲ್ಲಿ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು:

2 ತಿಂಗಳೊಳಗಿನ ಶಿಶು – ನಿಮಿಷಕ್ಕೆ 60
2 ತಿಂಗಳಿಂದ 12 ತಿಂಗಳೊಳಗೆ – ನಿಮಿಷಕ್ಕೆ 50
1 ವರ್ಷದಿಂದ 5 ವರ್ಷದೊಳಗೆ – ನಿಮಿಷಕ್ಕೆ 40

ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುವುದು, ಹಾಲು ಅಥವಾ ನೀರು ಕುಡಿಯದಿರುವುದು, ಕುಡಿದುದೆಲ್ಲವನ್ನೂ ವಾಂತಿ ಮಾಡುವುದು, ಫಿಟ್ಸ್ ಬರುವುದು, ಎಚ್ಚರಿಸಿದರೂ ಮಂಕಾಗಿಯೇ ಇರುವುದು, ತುಟಿ ನೀಲಿಯಾಗುವುದು – ಇವುಗಳಲ್ಲಿ ಒಂದಿದ್ದರೂ ತಡಮಾಡದೆ 108ಕ್ಕೆ ಕರೆ ಮಾಡಿ ಆಂಬ್ಯುಲೆನ್ಸ್ ಪಡೆಯಬೇಕು. 2 ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ ಬೇರೆ ಲಕ್ಷಣಗಳಿಗಾಗಿ ಕಾಯಬಾರದು.

ವಯಸ್ಕರಲ್ಲಿ: ಉಸಿರಾಟದ ತೊಂದರೆ, ಎದೆನೋವು, ಕಫದಲ್ಲಿ ರಕ್ತ, ಗೊಂದಲ, 3 ದಿನ ಮೀರಿದ ಜ್ವರ, ಜ್ವರದೊಂದಿಗೆ ತೀವ್ರ ಹೊಟ್ಟೆನೋವು ಅಥವಾ ಒಸಡಿನ ರಕ್ತಸ್ರಾವ ಕಂಡುಬಂದಲ್ಲಿ ಆಸ್ಪತ್ರೆಗೆ ಹೋಗಬೇಕು. ಕೊನೆಯ ಎರಡು ಲಕ್ಷಣಗಳು ಡೆಂಗ್ಯೂವಿನ ಸೂಚನೆಯಾಗಿರಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯರೋಗದ ಪರೀಕ್ಷೆ ಅವಶ್ಯ. ಇದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡಲಾಗುತ್ತದೆ. ವೃದ್ಧರಲ್ಲಿ ಜ್ವರವಿಲ್ಲದೆಯೂ ನ್ಯುಮೋನಿಯಾ ಇರಬಹುದಾದುದರಿಂದ ಊಟ ಬಿಟ್ಟು ಮಂಕಾಗಿರುವುದನ್ನು ವಯಸ್ಸಿನ ದೋಷವೆಂದು ಕಡೆಗಣಿಸಬಾರದು.

10. ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಕಷಾಯದ ಜೊತೆಗೆ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಮೆಡಿಕಲ್ ಅಂಗಡಿಯಿಂದ ತಂದು ನುಂಗಬಹುದೇ?
ಉತ್ತರ: ಬೇಡ. ಆ್ಯಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯಾಗಳ ವಿರುದ್ಧ ಕೆಲಸ ಮಾಡುತ್ತವೆ. ನೆಗಡಿಯ ವೈರಾಣುಗಳ ಮೇಲೆ ಪರಿಣಾಮ ಬೀರುವುದಿಲ್ಲ. ಅನಗತ್ಯ ಬಳಕೆಯಿಂದ ಮುಂದೆ ಅವಶ್ಯವಿದ್ದಾಗ ಅವು ಕೆಲಸ ಮಾಡದಂತಾಗುತ್ತವೆ.

ಪ್ರಶ್ನೆ: ನೆಗಡಿ ಬಾರದಂತೆ ವರ್ಷಪೂರ್ತಿ ಕಷಾಯ ಕುಡಿಯಬಹುದೇ?
ಉತ್ತರ: ಕೊತ್ತಂಬರಿ–ಜೀರಿಗೆಯ ಸೌಮ್ಯ ಕಷಾಯವನ್ನು ದಿನಕ್ಕೊಂದು ಲೋಟ ಕುಡಿಯಲು ಅಡ್ಡಿಯಿಲ್ಲ. ಆದರೆ ಅದು ನೆಗಡಿಯನ್ನು ತಡೆಯುತ್ತದೆ ಎನ್ನಲಾಗದು. ಸೋಪಿನಿಂದ ಕೈ ತೊಳೆಯುವುದು ಮತ್ತು ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳುವುದು ಸೋಂಕು ಹರಡುವುದನ್ನು ತಗ್ಗಿಸುವ ಕ್ರಮಗಳು.

ಪ್ರಶ್ನೆ: ಕಷಾಯ ಕುಡಿಯುತ್ತಿರುವಾಗ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಿಲ್ಲಿಸಬೇಕೇ?
ಉತ್ತರ: ಯಾವುದೇ ಕಾರಣಕ್ಕೂ ನಿಲ್ಲಿಸಬಾರದು.

11. ಚಿಕಿತ್ಸಾಲಯಕ್ಕೆ ಬರುವಾಗ

ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್ ಅಥವಾ ಸರ್ಕಾರಿ ಆಯುರ್ವೇದ ಚಿಕಿತ್ಸಾಲಯಕ್ಕೆ ಬರುವಾಗ ಹಿಂದಿನ ವೈದ್ಯರ ಚೀಟಿಗಳು ಹಾಗೂ ಈಗ ಸೇವಿಸುತ್ತಿರುವ ಎಲ್ಲಾ ಮಾತ್ರೆಗಳನ್ನು ತರಬೇಕು. ಮಕ್ಕಳಿಗೆ ತಾಯಿ ಕಾರ್ಡ್ ಅವಶ್ಯ. ಕುಡಿದ ಕಷಾಯದಲ್ಲಿ ಏನೇನಿತ್ತು, ಎಷ್ಟು ದಿನ ಕುಡಿದಿರಿ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು. ಸಿದ್ಧ ಪುಡಿಯನ್ನು ಬಳಸಿದ್ದಲ್ಲಿ ಅದರ ಪ್ಯಾಕೆಟ್ಟನ್ನೂ ತರುವುದು ಒಳ್ಳೆಯದು. ಮನೆಯ ಕಷಾಯವೆಂದು ಹೇಳದೆ ಬಿಟ್ಟ ಒಂದು ಸಣ್ಣ ವಿವರವೂ ಚಿಕಿತ್ಸೆಯ ನಿರ್ಧಾರವನ್ನು ಬದಲಾಯಿಸಬಹುದು.